ನೀರಿನ ಮೇಲಿದ್ದವರನ್ನು ಕೇಳಬಾರದು

ಕಾಯುವುದೆಂದರೆ ನನಗೆ ಮೈಯೆಲ್ಲ ಉರಿ. ಬಸ್ಸು ಹತ್ತು ನಿಮಿಷ ತಡವಾದರೆ ಅಂಕೋಲೆಯಿಂದ ಬಾಳೆಗುಳಿಯವರೆಗೆ ನಡೆದೇ ಬಿಡುವವಳು ನಾನು. ಅಂಥವಳನ್ನು ತೊಂಬತ್ತರ ಮಳೆಗಾಲ ಬಸ್‌ಸ್ಟ್ಯಾಂಡಿನ ಹತ್ತಿರದ ಎಸ್‌ಟಿಡಿ ಬೂತಿನ ಬೆಂಚಿನ ಮೇಲೆ ಕೂರಿಸಿ ಅರೆದು ಹಾಕಿತು.

ನನ್ನ ಅಣ್ಣ ದುಬೈಯಲ್ಲಿ ಟಗ್ಗೊಂದರ ಅಡುಗೆಯವನಾಗಿದ್ದ. ಟಗ್ಗೆಂದರೆ ದೊಡ್ಡ ಹಡಗುಗಳನ್ನು ಬಂದರಿಗೆ ಎಳೆದು ತರುವ ಗಿಡ್ಡ ಹಡಗು. ನಮ್ಮೂರು ಕೇಣಿಯಲ್ಲಿ ನಮ್ಮ ಮನೆಯ ಗಂಡಸರೆಲ್ಲ ದೋಣಿಯವರೇ, ಇವನೊಬ್ಬ ಪರದೇಶದ ನೀರಿಗೆ ಹೋಗಿದ್ದ. ಆ ಆಗಸ್ಟಿನಲ್ಲಿ ಇರಾಕು ಕುವೈತಿಗೆ ನುಗ್ಗಿತು, ಅದರ ಬೆನ್ನಿಗೆ ಅಮೆರಿಕದ ಹಡಗುಗಳು ಬಂದವು. ಅಲ್ಲಿಯವರೆಗೆ ಅಮೆರಿಕ ಅಂದರೆ ನಮಗೆ ಶಾಲೆಯಲ್ಲಿ ಕೊಡುತ್ತಿದ್ದ ಗೋಧಿ ಉಪ್ಪಿಟ್ಟು, ಅಷ್ಟೆ. ಈಗ ನೋಡಿದರೆ ಕೇಣಿಯ ದಂಡೆಯಲ್ಲಿ ಬಲೆ ರಿಪೇರಿ ಮಾಡುವವರ ಬಾಯಲ್ಲೆಲ್ಲ ಅದೇ ಹೆಸರು. ಹೊಸದಾಗಿ ದೋಣಿಗೆ ಹಾಕಿಸಿದ ಇಂಜಿನ್ನಿಗೆ ಸೀಮೆಎಣ್ಣೆ ಸಿಗದೆ ಗಂಡಸರು ದಂಡೆಯ ಮೇಲೆ ಕೂತು ಯಾರ್ಯಾರನ್ನೋ ಬಯ್ಯುತ್ತಿದ್ದರು. ಎಲ್ಲೋ ಕೂತ ದೊಡ್ಡವರ ಜಗಳಕ್ಕೆ ನಮ್ಮ ಮನೆಯ ಅನ್ನ ಯಾಕೆ ಸೀದು ಹೋಗಬೇಕು ಎಂದು ನನಗೆ ಸಿಟ್ಟೋ ಸಿಟ್ಟು.

ಅಣ್ಣನಿಂದ ಸುದ್ದಿಯಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡಿ ಮುಗಿಸಿ ದಿನವೂ ಬೂತಿಗೆ ಬಂದು ಕೂರುತ್ತಿದ್ದೆ. ಬೂತಿನವರ ನಂಬರನ್ನೇ ಅವನಿಗೆ ಬರೆದು ಕಳಿಸಿದ್ದೆವು. ಫೋನು ರಿಂಗಾದರೆ ಎದ್ದು ನಿಲ್ಲುತ್ತಿದ್ದೆ. ಯಾರದೋ ಗೇರುಬೀಜದ ಲಾರಿ, ಯಾರದೋ ಮಾವಿನ ಬಾಕಿ. ಮತ್ತೆ ಕೂರುತ್ತಿದ್ದೆ. ಕಡೆಗೊಂದು ದಿನ ನಾನಿಲ್ಲದ ಹೊತ್ತಿನಲ್ಲಿ ಅಣ್ಣ ಫೋನು ಮಾಡಿದ್ದನಂತೆ, ಬೂತಿನವರು ಬಸ್ಸಿನ ಕಂಡಕ್ಟರನ ಹತ್ತಿರ ಹೇಳಿ ಕಳಿಸಿದರು, ನಾಳೆ ಸಂಜೆ ನಾಲ್ಕಕ್ಕೆ ದುಬೈಯಿಂದ ಫೋನು ಬರುತ್ತದೆ, ಮನೆಯವರನ್ನು ಕರೆತನ್ನಿ ಎಂದು.

ಮನೆಯವರು ಅಂದರೆ ಅತ್ತಿಗೆ. ಹೊರಡುವಾಗ ನೋಡುತ್ತೇನೆ, ತಲೆ ಬಾಚಿ ಅಬ್ಬಲಿಗೆ ಮುಡಿದು, ಪೆಟ್ಟಿಗೆಯಲ್ಲಿಟ್ಟ ಸೀರೆ ಉಟ್ಟು ನಿಂತಿದ್ದಾಳೆ.

"ಫೋನಲ್ಲಿ ಯಾರ್ ನೋಡ್ತ್ರು ಅತ್ತಿಗೆ?"

"ನೋಡೂದಿಲ್ಲ ಅಂತ ಹೆಂಗ್ ಬೇಕಾದ್ರೂ ಹೋಗೂಕಾಗ್ತದ್ಯಾ? ನೀ ಸುಮ್ನೆ ನಡಿ."

ಇಲ್ಲಿ ನಮ್ಮ ಮನೆಯ ಕಟ್ಟಳೆಯೊಂದನ್ನು ಹೇಳಬೇಕು. ನೀರಿಗೆ ಹೊರಟ ಗಂಡಸನ್ನಾಗಲಿ, ನೀರಿನ ಮೇಲಿದ್ದವನನ್ನಾಗಲಿ ಹೆಂಗಸರು ಯಾವಾಗ ಬರುತ್ತೀರಿ ಎಂದು ಕೇಳಕೂಡದು. ಬನ್ನಿ ಎಂದು ಕರೆಯಲೂ ಕೂಡದು. ಕರೆದರೆ ಕಡಲಿಗೆ ಕೇಳಿಸುತ್ತದಂತೆ, ಅದಕ್ಕೆ ಹಟ ಬರುತ್ತದಂತೆ. ನನ್ನ ಆಯಿ ಜೀವಮಾನದಲ್ಲಿ ಅಪ್ಪನನ್ನು ಹಾಗೆ ಕೇಳಿದ್ದಿಲ್ಲ. ನಾನು ಓದಿದವಳು, ಟೀಚರು ಬೇರೆ, ಇದನ್ನು ಕೇಳಿದಾಗೆಲ್ಲ ನಗುತ್ತಿದ್ದೆ.

ನಾಲ್ಕಾಯಿತು, ಐದಾಯಿತು. ನಾನು ಬೂತಿಗೂ ರಸ್ತೆಗೂ ನಡೆದಾಡಿದೆ. ಅತ್ತಿಗೆ ಕದಲಲಿಲ್ಲ. ಐದೂವರೆಗೆ ಫೋನು ಬಂತು. ನಾನೇ ಹಾರಿ ಎತ್ತಿಕೊಂಡೆ. ಅಣ್ಣ ಒಂದೇ ಉಸಿರಿಗೆ ಹೇಳಿದ. "ಕಂಪನಿಯವ್ರು ಊರಿಗೆ ಹೋಗೂರಿಗೆ ಟಿಕೆಟ್ ಕೊಡ್ತ್ರಂತೆ. ಉಳಿಯೂರು ಎರಡ್ ವರ್ಷಕ್ಕೆ ಸಹಿ ಹಾಕ್ಬೇಕು. ಹಡಗು ಯುದ್ಧದ ಬದಿಗೇ ಹೋಗ್ತದೆ. ನಾಳೆ ಬೆಳಿಗ್ಗೆ ಹೇಳ್ಬೇಕು. ಅವಳಿಗೆ ಕೊಡು."

ಅತ್ತಿಗೆ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದಳು. ನಾನು ಕಿವಿ ತಾಗಿಸಿ ನಿಂತೆ.

"ನಾ ಏನ್ ಮಾಡ್ಲಿ? ನೀ ಹೇಳು," ಅಂದ ಅಣ್ಣ.

ಅತ್ತಿಗೆಯ ತುಟಿ ಅಲುಗಿತು. ನನ್ನ ಮುಖ ನೋಡಿದಳು. "ನಿಮ್ಗೆ ಹೆಂಗ್ ಕಾಣ್ತದೋ ಹಂಗೆ ಮಾಡಿ. ನಮ್ದೆಲ್ಲ ಅಡ್ಡಿಲ್ಲ. ಮಗಳು ಶಾಲೆಗೆ ಹೋಗ್ತದೆ."

"ನಾ ಇಲ್ಲೇ ಉಳಿದ್ರೂ ಅಡ್ಡಿಲ್ಲನಾ?"

"ಅಡ್ಡಿಲ್ಲ," ಅಂದಳು. ಲೈನು ಕಟ್ಟಾಯಿತು.

ರಸ್ತೆಗೆ ಇಳಿದದ್ದೇ ನಾನು ಹರಿಹಾಯ್ದೆ. "ಎಂಥಾ ಹೆಂಗ್ಸು ಮಾರಾಯ್ತಿ ನೀ! ಬನ್ನಿ ಅಂತ ಒಂದ್ ಮಾತು ಹೇಳೂಕೆ ನಿನ್ ಬಾಯಿಗೆ ಏನಾಗಿತ್ತು?"

"ಹಡಗಿನವ್ರನ್ನ ಹೆಂಗ್ ಕರೀಲೇ ತಂಗೀ? ಕರ್ದು ಏನಾರೂ ಆದ್ರೆ?" ಕಣ್ಣೊರೆಸಿಕೊಂಡಳು. ಆಮೇಲೆ ಮೆಲ್ಲಗೆ ಅಂದಳು, "ನೀ ಹೇಳ್ಬೌದಿತ್ತಲೆ. ಮೊದ್ಲು ನಿನ್ ಕೈಯಲ್ಲೇ ಇತ್ತು ಫೋನು."

ಹೌದು, ನಾನೂ ಹೇಳಿರಲಿಲ್ಲ. ಬಾ ಅಣ್ಣ ಎನ್ನುವ ಎರಡು ಶಬ್ದ ಗಂಟಲವರೆಗೆ ಬಂದಿತ್ತು, ನುಂಗಿಕೊಂಡಿದ್ದೆ. ನಗುವವಳಿಗೂ ಒಳಗೆ ಅದೇ ಹೆದರಿಕೆ ಇತ್ತೆಂದು ನನಗೆ ಗೊತ್ತಾದದ್ದು ಆ ರಸ್ತೆಯ ಮೇಲೆ, ಮತ್ತು ನನ್ನ ಮೇಲೇ ನನಗೆ ಹೇಸಿಗೆಯಾಯಿತು.

ಅಣ್ಣ ಎರಡು ವರ್ಷ ಮುಗಿಸಿಯೇ ಊರಿಗೆ ಬಂದ, ಕೈಕಾಲು ಗಟ್ಟಿಯಾಗಿಯೇ ಬಂದ. ಆದರೆ ತೊಂಬತ್ತೊಂದರ ಜನವರಿಯಲ್ಲಿ ನಮಗದು ಹೇಗೆ ಗೊತ್ತಿರಬೇಕು? ಯುದ್ಧ ಶುರುವಾಗಿತ್ತು. ಪಕ್ಕದ ಮನೆಯ ಟೀವಿಯಲ್ಲಿ ಹಸಿರು ಬೆಳಕು ಮೇಲಕ್ಕೆ ಹಾರುವುದನ್ನು ಕೇರಿಯೆಲ್ಲ ಕೂತು ನೋಡುತ್ತಿತ್ತು. ಅತ್ತಿಗೆ ಬಾಗಿಲಲ್ಲೇ ನಿಂತು ನೋಡಿ ವಾಪಸು ಬರುತ್ತಿದ್ದಳು. ಆ ದಿನಗಳಲ್ಲೇ ಅಣ್ಣನ ಕಾಗದ ಬಂತು. ಎಂದೋ ಬರೆದದ್ದು, ಎಲ್ಲೆಲ್ಲೋ ಸುತ್ತಿ ತಲುಪಿತ್ತು. ಅತ್ತಿಗೆಗೆ ಓದಲು ಬಾರದು, ಅವಳ ಕಾಗದಗಳನ್ನು ಓದುವವಳು ನಾನೇ.

ಕ್ಷೇಮ ಸಮಾಚಾರ ಮುಗಿದ ಮೇಲೆ ಹೀಗೆ ಬರೆದಿದ್ದ: "ಆ ದಿನ ನಾನು ಹಡಗಿನಲ್ಲಿ ಇರಲಿಲ್ಲ. ಬಂದರಿನ ಆಫೀಸಿನಲ್ಲಿ, ಸಿಮೆಂಟಿನ ನೆಲದ ಮೇಲೆ ನಿಂತು ಫೋನು ಮಾಡಿದ್ದೆ. ನೆಲದ ಮೇಲಿದ್ದವನನ್ನು ಕರೆಯಲು ಯಾವ ಅಡ್ಡಿಯೂ ಇರಲಿಲ್ಲ. ಒಂದು ಸಲ ಬನ್ನಿ ಅಂದಿದ್ದರೆ ಟಿಕೆಟ್ ತೆಗೆದುಕೊಳ್ಳುತ್ತಿದ್ದೆ. ನೀನು ಅನ್ನಲಿಲ್ಲ. ಬೆಳಿಗ್ಗೆ ಸಹಿ ಹಾಕಿದೆ."

ಆ ಸಾಲುಗಳನ್ನು ಹಾರಿಸಿ ಓದಬಹುದಿತ್ತು. ನನ್ನ ಹಾಳು ಬಾಯಿ, ಎಲ್ಲ ಓದಿಬಿಟ್ಟಿತು.

ಅತ್ತಿಗೆ ಮೀನು ಹೆಚ್ಚುತ್ತಿದ್ದವಳು ಕೈ ನಿಲ್ಲಿಸಿದಳು. ಅಳಲಿಲ್ಲ. ಕತ್ತಿ ಬದಿಗಿಟ್ಟು ಕೇಳಿದಳು.

"ಇವತ್ತು ಎಲ್ಲಿರ್ತ್ರು ತಂಗೀ? ನೆಲದ್ ಮೇಲಾ, ನೀರಿನ್ ಮೇಲಾ?"

"ಕಾಗದದಲ್ಲಿ ಅದಿಲ್ಲ ಅತ್ತಿಗೆ. ಯಾಕೆ?"

"ನೆಲದ್ ಮೇಲಿದ್ರೆ ಈಗ್ಲಾದ್ರೂ ಕರೀತಿದ್ದೆ."