ವೀಣಾಳ ಅಮ್ಮನಿಗೆ ಗೊತ್ತಿರಲಿಲ್ಲ

ಬೆಳಿಗ್ಗೆ ಬಟ್ಟೆ ಒಗೆದು ಮಡಿಸಿಟ್ಟೆ. ಚಳಿ ಬರುತ್ತದೆಂದು ಕರಿಬೇವಿನ ಕುಂಡವನ್ನು ಗರಾಜಿನೊಳಗೆ ಎಳೆದೆ. ಹಾಲು ಕಾಯಿಸಿ ಹೆಪ್ಪು ಹಾಕಿದೆ. ನಿನ್ನ ಕಾಕಾನ ಬಿ.ಪಿ. ಮಾತ್ರೆ ತಂದೆ. ಫ್ರಿಜ್ಜಿನ ಒಳಗೆಲ್ಲ ಒರೆಸಿದೆ, ಕೊಳೆಯೇನೂ ಇರಲಿಲ್ಲ. ಇಷ್ಟೆಲ್ಲ ಮಾಡಿದ್ದು ಒಂದೇ ಒಂದು ಮಾತು ಬರೆಯುವುದನ್ನು ತಪ್ಪಿಸಿಕೊಳ್ಳಲು – ವೀಣಾ, ನಿನ್ನ ಅಮ್ಮನಿಗೆ ಏನೂ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ಮಾಡಿದವಳು ನಾನು.

ಭಾವ ತೀರಿಕೊಂಡ ಮೇಲೆ ಅಕ್ಕ, ಅಂದರೆ ನಿನ್ನ ಅಮ್ಮ, ಮರ್ಫಿ ಊರಿನ ಮನೆ ಮಾರಿ ಲೂಯಿಸ್‌ವಿಲ್‌ಗೆ, ನಮ್ಮ ಜೊತೆಗೇ ಇರಲು ಬಂದರು. ನೀನು ಆಸ್ಟಿನ್‌ನಲ್ಲಿ ಥೀಸಿಸ್ ಬರೆಯುತ್ತಿದ್ದೆ. ನನ್ನ ಗಂಡನ ಅತ್ತಿಗೆಯಾದರೂ ನಾನು ಅವರನ್ನು ಓರಗಿತ್ತಿ ಎಂದುಕೊಂಡವಳಲ್ಲ, ಅಕ್ಕ ಎಂದೇ ಕರೆದವಳು – ಇದನ್ನು ನನ್ನ ಪರವಾಗಿ ಹೇಳುತ್ತಿಲ್ಲ. ಅಕ್ಕ ಎಂದು ಕರೆದೂ ಹಾಗೆ ಮಾಡಿದೆನಲ್ಲ, ಅದಕ್ಕೆ ಹೇಳುತ್ತಿದ್ದೇನೆ.

ಅಕ್ಕನಿಗೆ ಅನ್ನನಾಳ ಹೊಟ್ಟೆಗೆ ಸೇರುವ ಕಡೆ ಗಡ್ಡೆ, ಅದು ಆಗಲೇ ಲಿವರ್‌ಗೂ ಹರಡಿತ್ತು. ಡಲ್ಲಾಸ್‌ನ ಆಸ್ಪತ್ರೆಯಲ್ಲಿ ಗಡ್ಡೆಯ ಚೂರು ತೆಗೆದು ಯಾವುದೋ ಗುರುತುಗಳಿಗಾಗಿ ಪರೀಕ್ಷೆ ಮಾಡಿದ್ದರು. ಅದರ ಫಲಿತಾಂಶ ಹೇಳುವ ದಿನ ನರ್ಸ್ ಗಾಲಿಯ ಮೇಲೊಂದು ಸ್ಕ್ರೀನ್ ತಳ್ಳಿಕೊಂಡು ಬಂದಳು. ಅದರೊಳಗಿಂದ ಹೆಂಗಸೊಬ್ಬಳು, "ನಮಸ್ಕಾರ ಅಮ್ಮ, ಡಾಕ್ಟರ್ ಹೇಳಿದ್ದನ್ನ ನಾನು ನಿಮಗೆ ಕನ್ನಡದಲ್ಲಿ ಹೇಳ್ತೀನಿ" ಎಂದಳು.

ಅಕ್ಕನಿಗೆ ನಗು. "ಇದೇನವಾ, ಧಾರಾವಾಹಿ ಹಚ್ಚಿದ್ರೇನ?"

ಅಕ್ಕನಿಗೆ ಅಂಗಡಿಯ ಇಂಗ್ಲಿಷ್ ಬರುತ್ತಿತ್ತು, ಆಸ್ಪತ್ರೆಯ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ ನಾನು, ಇವಳು ಬೇಡ, ಮನೆಯವಳು ನಾನೇ ಇದ್ದೇನೆ ಎಂದೆ. ಕಾಯಿಲೆಯವರ ಕಿವಿಗೆ ಕೆಟ್ಟದ್ದು ಬೀಳಬಾರದು – ನಮ್ಮ ಮನೆಗಳಲ್ಲಿ ನಡೆದು ಬಂದಿದ್ದೇ ಹಾಗೆ. ಡಾಕ್ಟರ್ ಎರಡು ಸಲ ಕೇಳಿದರು. ಎರಡು ಸಲವೂ ನಾನೇ ಎಂದೆ. ಸ್ಕ್ರೀನ್ ಆರಿಸಿದರು.

ಡಾಕ್ಟರ್ ನಿಧಾನವಾಗಿ, ನನಗೆ ಅರ್ಥವಾಗುವ ಹಾಗೆ ಹೇಳಿದರು. ಕೆಲವರ ಗಡ್ಡೆಯಲ್ಲಿ ಒಂದು ಬಗೆಯ ಪ್ರೋಟೀನ್ ಹೆಚ್ಚಿರುತ್ತದೆ, ಅದನ್ನೇ ಗುರಿಯಿಟ್ಟು ಹೊಡೆಯುವ ಔಷಧಿ ಇದೆ. ಇನ್ನು ಕೆಲವು ಗುರುತುಗಳಿದ್ದರೆ ಮೈಯ ಸ್ವಂತ ಶಕ್ತಿಯನ್ನೇ ಎಬ್ಬಿಸುವ ಔಷಧಿ ಚೆನ್ನಾಗಿ ನಾಟುತ್ತದೆ. ಇವರಲ್ಲಿ ಅವು ಯಾವುವೂ ಇಲ್ಲ. ಉಳಿದಿರುವುದು ಮಾಮೂಲಿ ಕೀಮೋ. ಅದು ಗುಣ ಮಾಡುವುದಿಲ್ಲ, ಸ್ವಲ್ಪ ಕಾಲ ಕೊಡಬಹುದು, ಬೆರಳುಗಳ ಸ್ಪರ್ಶ ಕಸಿಯಬಹುದು. ಅದೂ ಬೇಡವೆಂದರೆ ನೋವಾಗದಂತೆ ನೋಡಿಕೊಳ್ಳುತ್ತೇವೆ. ಇನ್ನು ವರ್ಷಗಳ ಮಾತಲ್ಲ, ತಿಂಗಳುಗಳ ಮಾತು. ಇವರಿಗೆ ಯಾವುದು ಮುಖ್ಯ – ಕೇಳಿ ಹೇಳಿ.

ನಾನು ಅಕ್ಕನ ಕಡೆ ತಿರುಗಿ, "ಗುಣ ಆಗೋ ಔಷಧಿ ಶುರು ಮಾಡ್ತಾರಂತೆ ಅಕ್ಕ. ಸ್ವಲ್ಪ ಸುಸ್ತಾಗುತ್ತಂತೆ, ಅಷ್ಟೇ" ಎಂದೆ.

"ಅವರು ಅಷ್ಟೊತ್ತು ಮಾತಾಡಿದ್ರು, ನೀ ಎರಡ ಮಾತಿನ್ಯಾಗ ಮುಗಿಸಿದಿ. ಇಂಗ್ಲಿಷ್ ಭಾಳ ಉದ್ದ ಭಾಷಾ ನೋಡವಾ." ಆಮೇಲೆ ಸೆರಗು ಸರಿಮಾಡಿಕೊಂಡು ಕೇಳಿದರು – "ವೀಣಾನ್ನ ಕರಸೂಣೇನ?"

"ಬೇಡ ಅಕ್ಕ. ಪಾಪ, ಥೀಸಿಸ್ ಮುಗೀಲಿ."

ಏನೆಂದರು, ಎಂದು ಡಾಕ್ಟರ್ ಕೇಳಿದರು. ಕೀಮೋ ಶುರು ಮಾಡಿ ಅನ್ನುತ್ತಿದ್ದಾರೆ ಎಂದೆ.

ನೋಡು, ಡಾಕ್ಟರ್ ಅವರಿಗೆ ಯಾವುದು ಮುಖ್ಯ ಎಂದು ಕೇಳಿದ್ದರು. ಆ ಪ್ರಶ್ನೆ ಕಿವಿಗೆ ಬೀಳದೆಯೇ ಅಕ್ಕ ಉತ್ತರ ಕೊಟ್ಟುಬಿಟ್ಟಿದ್ದರು – ನಿನ್ನ ಹೆಸರು ಹೇಳಿದ್ದರು. ಆ ಪ್ರಶ್ನೆಗೂ ಈ ಉತ್ತರಕ್ಕೂ ನಡುವೆ ಇದ್ದವಳು ನಾನೊಬ್ಬಳೇ.

ನಡೆದು ಬಂದಿದ್ದು ಎಂದು ಮೇಲೆ ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ವಾಪಸು ಬರುವಾಗ ಹೈವೇಯಲ್ಲಿ, ಅಳುವ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಡ್ರೈವ್ ಮಾಡುವ ಧೈರ್ಯ ನನಗಿರಲಿಲ್ಲ. ಅಷ್ಟೇ. ಒಂದು ಮಧ್ಯಾಹ್ನದ ಅಳು ನನಗೆ ಬೇಡವಾಗಿತ್ತು.

ಕೀಮೋ ಶುರುವಾದ ಮೇಲೆ ಅಕ್ಕ ಫ್ರಿಜ್ಜಿನೊಳಗೆ ಕೈಯಿಟ್ಟರೆ ಬೆರಳಿಗೆ ಸೂಜಿ ಚುಚ್ಚಿದಂತಾಗುತ್ತಿತ್ತು. ರೊಟ್ಟಿ ಬಡಿಯಲು ಕುಳಿತರೆ ಹಿಟ್ಟೇ ಕೈಗೆ ತಿಳಿಯುತ್ತಿರಲಿಲ್ಲ, ತಟ್ಟಿದ್ದೆಲ್ಲ ಹರಿಯುತ್ತಿತ್ತು. "ಇದು ಗುಣ ಆಗೂ ಲಕ್ಷಣ ಏನವಾ?" ಎಂದು ಕೇಳಿದರು. ಹೌದು ಎಂದೆ. ಒಂದು ಸುಳ್ಳಿಗೆ ಅವರ ಕೈಯನ್ನೂ ಸಾಕ್ಷಿ ಮಾಡಿದೆ –

ನೀನು ಭಾನುವಾರ ಭಾನುವಾರ ಫೋನ್ ಮಾಡುತ್ತಿದ್ದೆ. "ಕಾಕೂ, ಬರಲೇನ? ಖರೇ ಹೇಳ್ರಿ." ಚೆನ್ನಾಗಿ ನಡೀತಿದೆ ಮಗಳೇ, ನಿನ್ನ ಕೆಲಸ ನೋಡ್ಕೋ, ಎನ್ನುತ್ತಿದ್ದೆ. ಕೊನೆಗೆ ನೀನು ಬಂದಾಗ ಅಕ್ಕನಿಗೆ ಮಾತು ನಿಂತಿತ್ತು.

ವೈಕುಂಠ ಸಮಾರಾಧನೆಯ ದಿನ ಊಟಕ್ಕೆ ಕುಳಿತಿದ್ದ ನೀನು, "ಅಮ್ಮಗ ಎಲ್ಲಾ ಗೊತ್ತಿತ್ತು ಕಾಕೂ. ಡಾಕ್ಟರ್ ಅಷ್ಟು ಕ್ಲಿಯರ್ ಆಗಿ ಹೇಳಿದ್ರಂತ. ನನಗೊಂದು ಮಾತು ಹೇಳ್ಲಿಲ್ಲ ಆಕಿ, ನಿಮಗೂ ಹೇಳಬ್ಯಾಡ ಅಂದಿರಬೇಕು. ನಾ ಏನು ಹೊರಗಿನಾಕಿನ?" ಎಂದೆ. ನಾನು ನಿನ್ನ ಎಲೆಗೆ ಸಾರು ಬಡಿಸಿ ಮುಂದಿನ ಎಲೆಗೆ ಹೋದೆ. ಮೊದಲನೆಯ ಸುಳ್ಳು ಹೆದರಿಕೆಯಿಂದ ಹೇಳಿದ್ದು. ಅವತ್ತಿನ ಮೌನ ಹಾಗಲ್ಲ. ತೀರಿಹೋದವರ ಮೇಲೆ ನನ್ನ ತಪ್ಪು ಹೊರಿಸಿದೆ, ಗೊತ್ತಿದ್ದೂ ಹೊರಿಸಿದೆ.

ಹೋದ ತಿಂಗಳು ನಿನ್ನ ಅಪಾರ್ಟ್‌ಮೆಂಟಿಗೆ ಬಂದಾಗ ನೋಡಿದೆ – ನಾನು ಕಟ್ಟು ಹಾಕಿಸಿ ಕೊಟ್ಟಿದ್ದ ಅಕ್ಕನ ಫೋಟೋ ಇನ್ನೂ ಸುತ್ತಿದ ಕಾಗದದಲ್ಲೇ, ಶೂ ಸ್ಟ್ಯಾಂಡಿನ ಹಿಂದೆ ಇತ್ತು. "ಇರ್ಲಿ ಕಾಕೂ, ಸಿಟ್ಟು ಇಳದ ಮ್ಯಾಲೆ ಹಾಕ್ತೇನಿ" ಎಂದೆ ನೀನು. ಆ ಸಿಟ್ಟು ನನಗೆ ಸೇರಬೇಕಾದದ್ದು, ವೀಣಾ.

ನಾಳೆ ಆಸ್ಟಿನ್‌ಗೆ ಬರುತ್ತೇನೆ. ಎದುರು ಕೂತು ಬಾಯಿಬಿಟ್ಟು ಹೇಳುತ್ತೇನೆ, ಆಮೇಲೆ ಈ ಹಾಳೆ ಕೊಡುತ್ತೇನೆ. ಹೇಳುವಾಗ ನನ್ನ ಬಾಯಿ ಮತ್ತೆ ಏನನ್ನಾದರೂ ಮೆತ್ತಗೆ ಮಾಡಿಬಿಟ್ಟರೆ ನಿನಗೆ ತಿಳಿಯಲಿ. ನೀನು ಕ್ಷಮಿಸಬೇಕಾಗಿಲ್ಲ. ಅಮ್ಮನ ಮೇಲಿನ ಸಿಟ್ಟು ಬಿಟ್ಟರೆ ಸಾಕು.

ನಿನ್ನ ಕಾಕಾನಿಗೆ ಸಂಜೆ ಊಟಕ್ಕೆ ಕೂತಾಗ ಹೇಳಿದೆ. ಅವರಿಗೂ ಇದುವರೆಗೆ ಗೊತ್ತಿರಲಿಲ್ಲ. "ವೈನಿ ವೀಣಾನ್ನ ಕರಸು ಅಂದಿದ್ರಾ?" ಎಂದು ಅಷ್ಟೇ ಕೇಳಿದರು. ಹೌದು ಎಂದೆ. ಚಪಾತಿ, ಬದನೆಕಾಯಿ ಪಲ್ಯ, ಮೊಸರು ಇತ್ತು. ಅವರು ಅರ್ಧ ಚಪಾತಿಗೇ ಎದ್ದು ಕೈ ತೊಳೆದರು. ನಾನು ನನ್ನ ತಟ್ಟೆಯಲ್ಲಿದ್ದದ್ದನ್ನು ತಿಂದು ಮುಗಿಸಿದೆ. ಅವರೇ ಮೊದಲು ಮಲಗಿದರು – ನಮ್ಮ ಕೋಣೆಯಲ್ಲಲ್ಲ, ನಿನ್ನ ಅಮ್ಮ ಮಲಗುತ್ತಿದ್ದ ಕೋಣೆಯಲ್ಲಿ.