ಪಪ್ಪಾಯಿ ಹಾಲು ತಿಂದ ಹೆಬ್ಬಟ್ಟು

“ಹದಿನಾಕು ವರ್ಷಾತು ನಾ ಪಪ್ಪಾಯಿ ತೋಟಕ್ಕ ಹೋಗಾಕ ಹತ್ತಿ. ಹೊತ್ತು ಹುಟ್ಟಿದ ಕೂಡಲೇ ಹಸಿ ಕಾಯಿಗೆ ಬ್ಲೇಡಿಲೆ ನಾಕು ಗೀರು ಹಾಕಬೇಕು. ಹಾಲು ತೊಟ್ಟಿಕ್ಕತೈತಿ. ಅದನ್ನ ಒಣಗಿಸಿ ಔಷಧ ಮಾಡೋರಿಗೆ ಕಳಸ್ತಾರ. ಗ್ಲೌಸು ಕೊಟ್ಟಾರ, ನಾನ ಹಾಕ್ಕೊಳ್ಳಂಗಿಲ್ಲ, ಬ್ಲೇಡು ಜಾರತೈತಿ. ಮೊದಮೊದಲು ಬಟ್ಟು ಉರೀತಿದ್ದವು, ಆಮ್ಯಾಲ ರೂಢಿ ಆತು. ಈಗ ನೋಡಬೇ, ಹೆಬ್ಬಟ್ಟು ಗೋಲಿ ಹಂಗ ನುಣ್ಣಗಾಗೇತಿ. ರೇಷನ್ ಅಂಗಡಿ ಮಷಿನ್ನಿಗೆ ನಾ ಯಾರಂತ ಗೊತ್ತಾಗವಲ್ದು. ತಿಂಗಳ ಕಡೀಕ ಹೆಬ್ಬಟ್ಟು ಬೀಳಲಿಲ್ಲಂದ್ರ ಕಾರ್ಡಿನಾಗಿಂದ ನನ್ನ ಹೆಸರು ತಗೀತಾರಂತ.”

ಹುನಗುಂದದಾಗ ನಮ್ಮ ಬಾಜು ಮನಿಯ ಲಗಮವ್ವ ನನ್ನ ಕಟ್ಟಿ ಮ್ಯಾಲ ಕುಂತು ಇಷ್ಟು ಹೇಳಿದಳು. ಕುರಿ ಕಾಯೂ ಮಾಳಪ್ಪನ ಹೆಂಡತಿ. ತಿಂಗಳು ಮುಗಿಯಾಕ ಇನ್ನ ಇಪ್ಪತ್ತು ದಿನ ಇತ್ತು. ಮರುದಿನ ಇಬ್ಬರೂ ಕೂಡಿ ದವಾಖಾನಿಗೆ ಹೋದಿವಿ.

ನರ್ಸ್ ಸುಧಾರಾಣಿ ಬಟ್ಟು ಹಿಡಿದು ನೋಡಿದಳು. “ಕಾಯೊಳಗ ಇರೂತನಕ ಆ ಹಾಲು ಮಲಗಿರತೈತ್ರಿ. ಗೀರಿ ಹೊರಗ ಬಂತಂದ್ರ ಎಚ್ಚರಾಗಿ ಮಾಂಸ, ಚರ್ಮ ಕರಗಸತೈತಿ. ಮಟನ್ ಬೇಯಾಕ ಪಪ್ಪಾಯಿ ಹಾಕೂದಿಲ್ಲೇನ್ರಿ?”

“ಹಂಗಂದ್ರ ನನ್ನ ಕೈನೂ ಮಟನ್ ಅಂತ ತಿಳದೈತಿ,” ಅಂದಳು ಲಗಮವ್ವ.

“ಹೂಂ ಮತ್ತ. ಅಂಥಾ ರಸ ನಿಮ್ಮ ಹೊಟ್ಟ್ಯಾಗೂ ಐತಿ, ಉಂಡದ್ದನ್ನ ಕರಗಸಾಕ. ಮೈಯಾಗಿನ ಒಂದೊಂದು ಜೀವಕೋಶದಾಗೂ ಐತಿ. ಅಲ್ಲಿ ಸಣ್ಣ ಚೀಲದಾಗ ಕಟ್ಟಿಟ್ಟಂಗ ಇರತೈತಿ, ಹಳೇದನ್ನಷ್ಟ ಕರಗಸತೈತಿ. ಈ ಪಪ್ಪಾಯಿ ಹಾಲು ಹೊರಗಿಂದು, ಮ್ಯಾಲಿನ ಸತ್ತ ಚರ್ಮ ತಿಂದೈತಿ. ಬಟ್ಟಿನ ಗೆರಿ ಹುಟ್ಟೂ ಜಾಗ ಕೆಳಗೈತಿ, ಅದು ಉಳದೈತಿ. ಹದಿನೈದು ದಿನ ಹಾಲು ಮುಟ್ಟಬ್ಯಾಡ್ರಿ.”

ಲಗಮವ್ವ ತೋಟದಾಗ ನೀರು ಬಿಡೂ ಕೆಲಸ ಕೇಳಿಕೊಂಡಳು. ದಿನಾ ಮುಂಜಾನೆ ಹಂಚಿನ ಮಸಿ ಹಚ್ಚಿಕೊಂಡು ಸುಣ್ಣ ಬಳದ ನಮ್ಮ ಗ್ವಾಡಿಗೆ ಹೆಬ್ಬಟ್ಟು ಒತ್ತುತ್ತಿದ್ದಳು. ಒಂಬತ್ತು ದಿನ ಬರೇ ಕರಿ ಚುಕ್ಕಿ. ಹತ್ತನೇ ದಿನಕ್ಕ ಅಂಚಿನಾಗ ಎರಡು ಗೆರಿ ಕಂಡವು. ನನ್ನ ಕಣ್ಣು ಮಂದ, ಖರೇನೋ ಸುಳ್ಳೋ ನನಗ ತಿಳೀಲಿಲ್ಲ. ಆಕಿ ಮತ್ತೊಮ್ಮೆ ಒತ್ತಿದಳು. ಖರೇನ ಇದ್ದವು.

ಹದಿನಾರನೇ ದಿನ ಅಂಗಡಿಗೆ ಹೋದಿವಿ. ಆಕಿ ಬಟ್ಟು ಸೆರಗಿಗೆ ಒರಸಿಕೊಂಡು ಮಷಿನ್ ಮ್ಯಾಲ ಇಟ್ಟಳು. ಮೊದಲನೇ ಸಲಕ್ಕ ಬರಲಿಲ್ಲ. ಎರಡನೇ ಸಲ ಹಸಿರು ದೀಪ ಹತ್ತಿತು.

ಅಂಗಡಿ ಜಲಾಲುದ್ದೀನ ನಕ್ಕ. “ಇಷ್ಟು ದಿನ ನಿನ್ನ ಹೆಬ್ಬಟ್ಟು ತವರಿಗೆ ಹೋಗಿತ್ತೇನಬೇ?”

“ಈಗ ಬಂತಲ್ಲಪ. ಅಕ್ಕಿ ತೂಗು.”

ದಾರ್ಯಾಗ ಆಕಿ ಬಟ್ಟು ಮಡಚಿಕೊಂಡ ನಡೆದಳು. ಮನಿಗೆ ಬಂದು ನಾಳಿಂದ ಮತ್ತ ಕಾಯಿ ಗೀರಾಕ ಬೇಕಂತ ಗ್ಲೌಸು ಹುಡುಕಿ ಗೂಟಕ್ಕ ಸಿಗಿಸಿದಳು. ಆಮ್ಯಾಲ ಕಟ್ಟಿ ಮ್ಯಾಲ ಕುಂತು, ಕೇರೂ ಮರದಾಗ ಅಕ್ಕಿ ಸುರುವಿಕೊಂಡು, ಅದ ಹೆಬ್ಬಟ್ಟಿಲೆ ಹಳ್ಳು ಆರಿಸಾಕ ಹತ್ತಿದಳು.