ಹೊಳೆಯ ಪಕ್ಕ ಕೂತು ನೀರು ಕುಡಿಯದವರು

ನನ್ನ ಯಜಮಾನರು ನೀರು ಕುಡಿಯುತ್ತಿರಲಿಲ್ಲ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ, ನಮಗೆ ಹೊಸದಾಗಿ ಮದುವೆಯಾಗಿತ್ತು. ಅವರು ಹರಿಹರದಲ್ಲಿ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕ್ಲಾರ್ಕ್. ಬೆಳಿಗ್ಗೆ ದಾವಣಗೆರೆಯಲ್ಲಿ ರೈಲು ಹತ್ತಿದರೆ ಬರುವುದು ಸಂಜೆಗೆ. ಆಫೀಸಿನ ಕಿಟಕಿಯಾಚೆಗೇ ತುಂಗಭದ್ರೆ. ಅಷ್ಟು ದೊಡ್ಡ ಹೊಳೆಯ ಪಕ್ಕ ಕೂತು, ಮನೆಗೆ ಬರುವಾಗ ತುಟಿ ಒಡೆದುಕೊಂಡು ಬರುತ್ತಿದ್ದರು.

ತುಟಿಯೊಂದೇ ಆಗಿದ್ದರೆ ತುಪ್ಪ ಸವರಿ ಸುಮ್ಮನಾಗುತ್ತಿದ್ದೆ. ಅವರು ಕಾಲು ಅಗಲಿಸಿ ನಡೆಯುತ್ತಿದ್ದರು. ಊಟಕ್ಕೆ ಕೂತರೆ ಎರಡು ತುತ್ತಿಗೊಮ್ಮೆ ಮಗ್ಗುಲು ಬದಲಿಸುತ್ತಿದ್ದರು. ಬಚ್ಚಲಿಗೆ ಹೋದರೆ ಹೊರಗೆ ಬರುತ್ತಿರಲಿಲ್ಲ. ಕಾರ್ಬಾಲಿಕ್ ಸೋಪಿನ ವಾಸನೆ ಮಾತ್ರ ಬರುತ್ತಿತ್ತು. ತೊಡೆಯ ಸಂದು, ಅದರಾಚೆಯ ಜಾಗ ಎಲ್ಲ ಒಣಗಿ, ಹೊಟ್ಟು ಎದ್ದು, ತುರಿಸಿ ತುರಿಸಿ ಕೆಂಪಾಗಿತ್ತು. ಹೆಂಡತಿಗೆ ಗೊತ್ತಾಗದೆ ಇರುತ್ತದೆಯೇ? ಕೇಳಿದರೆ ಒಂದೇ ಉತ್ತರ.

"ಏನಿಲ್ಲ. ಉಷ್ಣ."

ನಮ್ಮ ಜೊತೆಗಿದ್ದ ಅತ್ತೆಯವರ ಬಾಯಲ್ಲೂ ಅದೇ ಉಷ್ಣ. ಮಗನಿಗೆ ಎಲ್ಲಿ ಏನಾಗಿದೆ ಎಂದು ಅವರು ಕೇಳಲಿಲ್ಲ, ಮಗ ಹೇಳಲಿಲ್ಲ. ಆದರೆ ಪಥ್ಯ ಮಾತ್ರ ಶುರುವಾಯಿತು. ಬದನೆಕಾಯಿ ನಂಜು, ಅದು ಬೇಡ. ಕಡಲೆಬೇಳೆ ಬೇಡ. ಮಜ್ಜಿಗೆಯೂ ಬೇಡ.

"ಮಜ್ಜಿಗೆ ತಂಪಲ್ಲೇನ್ರೀ ಅತ್ತಿ?" ಎಂದೆ.

"ಹುಳಿ ಐತಲ್ಲವ್ವ. ಹುಳಿ ತಿಂದ್ರ ತುರಿಕೆ ಏಳ್ತತಿ. ನಿಮ್ಮ ಇಂಗ್ಲಿಷ್ ಸಾಲಿಯಾಗ ಇದನ್ನ ಕಲಿಸ್ಲಿಲ್ಲೇನು?"

ಕಲಿಸಲಿಲ್ಲ. ನಮ್ಮ ಕಾನ್ವೆಂಟಿನಲ್ಲಿ ಹೈಜೀನ್ ಎಂದು ಒಂದು ಪೀರಿಯಡ್ ಇತ್ತು. ಹಲ್ಲು, ಉಗುರು, ಕೂದಲು. ಸೊಂಟದ ಕೆಳಗೆ ಬಂದರೆ ನೇರವಾಗಿ ಪಾದ. ನಡುವೆ ಮನುಷ್ಯನಿಗೆ ಏನೂ ಇಲ್ಲವೆನ್ನುವ ಹಾಗೆ ಸಿಸ್ಟರ್ ಪುಟ ತಿರುಗಿಸುತ್ತಿದ್ದರು. ಆಗ ನಗುತ್ತಿದ್ದೆವು. ಈಗ ಆ ಪುಟವೇ ಬೇಕಾಗಿತ್ತು.

ಇನ್ನು ನಮ್ಮ ಯಜಮಾನರದೊಂದು ಸ್ವಂತ ಥಿಯರಿ. ನೀರು ಕುಡಿದರೆ ಬೆವರು ಬರುತ್ತದೆ, ಬೆವರಿದರೆ ತುರಿಕೆ ಹೆಚ್ಚುತ್ತದೆ, ಆದ್ದರಿಂದ ನೀರೇ ಕುಡಿಯಬಾರದು. ತುರಿಕೆ ಹೆಚ್ಚಿದಷ್ಟೂ ಸೋಪು ಹೆಚ್ಚಿಸಿದರು, ನೀರು ಇಳಿಸಿದರು. ಲಾಜಿಕಲ್ ಮನುಷ್ಯ!

ಒಂದು ಸಂಜೆ ರೈಲಿಳಿದು ಬಂದವರು ಕೋಟು ಕೂಡ ಬಿಚ್ಚದೆ ಗೋಡೆಗೆ ಒರಗಿ ನಿಂತರು.

"ನನ್ನ ಕೈಲಿ ಆ ಕುರ್ಚಿ ಮ್ಯಾಲೆ ಕೂಡಾಕ ಆಗ್ತಿಲ್ಲ. ಕೆಲಸ ಬಿಡ್ತೀನಿ. ಅಣ್ಣನ ಅಂಗಡಿ ಐತೆ, ಊರಿಗೆ ಹೋಗಿಬಿಡಣ."

ಭಾವನವರದು ಹತ್ತಿ ದಲಾಲಿ ಅಂಗಡಿ. ದೊಡ್ಡ ಮನೆ, ಒಂದೇ ಒಲೆ, ಕೇಳದೆ ಒಂದು ಲೋಟ ಕಾಫಿ ಕಾಯಿಸುವಂತಿಲ್ಲ. ದಾವಣಗೆರೆಯ ಅಂಚಿನ ನಿಟ್ಟುವಳ್ಳಿಯಲ್ಲಿದ್ದ ನಮ್ಮ ಬಾಡಿಗೆ ಮನೆ ಎರಡೇ ಕೋಣೆಯದು, ಆಗಿನ್ನೂ ಸುತ್ತ ಜೋಳದ ಹೊಲ. ಆದರೆ ಅದು ನನ್ನದು. ಒಂದು ತುರಿಕೆಗಾಗಿ, ಅದರ ಹೆಸರು ಹೇಳಲಾರದ ನಾಚಿಕೆಗಾಗಿ, ಅದನ್ನು ಬಿಡಬೇಕೇ?

ಜಗಳ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ನಾನು ಹೊರಗಿನ ಬೆಂಚಿನ ಮೇಲೆ ಕೂತಿರಬೇಕು ಎಂದು ಕಂಡೀಷನ್. ಕೂತೆ. ಅವರು ಬೇಗನೆ ಹೊರಬಂದರು. ಕೈಯಲ್ಲಿ ಒಂದು ಸೀಸೆ.

"ಏನಂದ್ರು?"

"ಕಾಲುನೋವಿಗೆ ಎಣ್ಣಿ ಕೊಟ್ಟಾರ."

"ಕಾಲುನೋವು ಯಾರಿಗ್ರೀ?"

ಅವರು ಸೀಸೆಯನ್ನು ಜೇಬಿಗೆ ಹಾಕಿಕೊಂಡರು. ನನಗೆ ಅಳು ಬಂತೋ ಸಿಟ್ಟು ಬಂತೋ, ಎದ್ದು ಪರದೆ ಸರಿಸಿ ಒಳಗೆ ನುಗ್ಗಿದೆ. ಕನ್ನಡದಲ್ಲಿ ನನ್ನ ನಾಲಿಗೆ ಏಳುತ್ತಿರಲಿಲ್ಲ. "ಡಾಕ್ಟರ್, ಇಟ್ ಈಸ್ ನಾಟ್ ಹಿಸ್ ಲೆಗ್," ಎಂದೆ. ಉಳಿದದ್ದನ್ನೂ ಇಂಗ್ಲಿಷಿನಲ್ಲೇ, ಗೋಡೆಯ ಕ್ಯಾಲೆಂಡರ್ ನೋಡುತ್ತ ಹೇಳಿ ಮುಗಿಸಿದೆ.

ಡಾಕ್ಟರು ನಗಲಿಲ್ಲ. ಇವರನ್ನು ವಾಪಸ್ ಕರೆಸಿ ಪರೀಕ್ಷೆ ಮಾಡಿದರು. ಆಮೇಲೆ ನನ್ನನ್ನೂ ಕರೆದು ಕೂರಿಸಿ, "ಹುಳುಕಡ್ಡಿ ಅಲ್ಲಮ್ಮ. ಚರ್ಮ ಒಣಗೈತೆ. ಇವ್ರು ನೀರೇ ಕುಡಿಯಲ್ಲ, ಮೂತ್ರ ಅರಿಶಿಣದ ನೀರಿನಂಗೆ ಹೋಗ್ತದಂತೆ. ಮ್ಯಾಲೆ ಆ ಸೋಪು ಬ್ಯಾರೆ ತಿಕ್ತಾರೆ. ಸೋಪು ಬಿಡ್ಲಿ, ಒರೆಸಿಕೊಂಡು ಕೊಬ್ಬರಿ ಎಣ್ಣೆ ಹಚ್ಲಿ, ಸಡಿಲ ಬಟ್ಟೆ ಹಾಕ್ಲಿ. ದಿನಾ ಪೂರ್ತಿ ನೀರು ಕುಡೀತಾ ಇರ್ಲಿ. ಮಜ್ಜಿಗೆ ಕೊಡ್ರಿ. ಕಮ್ಮಿ ಆಗ್ಲಿಲ್ಲಾಂದ್ರೆ ಮತ್ತೆ ಬರ್ರಿ," ಎಂದರು.

ಜಟಕಾದಲ್ಲಿ ಬರುವಾಗ ಇವರು, "ಡಾಕ್ಟರ್ ಮುಂದೆ ನನ್ನ ಮಾನ ಕಳದಿ," ಎಂದರು. ಥ್ಯಾಂಕ್ಸ್ ಹೇಳುತ್ತಾರೆಂದು ನಾನೇನೂ ಕಾದಿರಲಿಲ್ಲ.

ತಿರುಪು ಮುಚ್ಚಳದ ಹಿತ್ತಾಳೆ ಚೊಂಬಿನಲ್ಲಿ ನೀರು ತುಂಬಿ ಕೊಡಲು ಶುರುಮಾಡಿದೆ. ಸಂಜೆ ಚೊಂಬು ಖಾಲಿ ಬರುತ್ತಿತ್ತು, ತುಟಿ ಮಾತ್ರ ಹಾಗೇ ಒಣಗಿತ್ತು. ಒಂದು ದಿನ ಗಟ್ಟಿಸಿ ಕೇಳಿದೆ.

"ಸ್ಟೇಷನ್ನಿನ ಬೇವಿನ ಮರಕ್ಕ ಹಾಕ್ತೀನಿ," ಎಂದರು. ಆ ಮರವಾದರೂ ಚೆನ್ನಾಗಿ ಬೆಳೆದಿರಬೇಕು.

ಕಾರಣ ಕೇಳಿದರೆ, ಪಾಯಿಖಾನೆ ಕಾಂಪೌಂಡಿನ ಆ ತುದಿಯಲ್ಲಿದೆಯಂತೆ, ಯಾರಾದರೂ ಎರಡನೇ ಸಲ ಎದ್ದರೆ ಹೆಡ್‌ಕ್ಲಾರ್ಕು ಎಲ್ಲರಿಗೂ ಕೇಳುವ ಹಾಗೆ, "ಏನ್ರೀ, ಬಸರೇನು?" ಎನ್ನುತ್ತಾನಂತೆ. ಆ ಒಂದು ಮಾತಿಗೆ ಹೆದರಿ ನನ್ನ ಮನೆ ಮುಳುಗಿಸಲು ಹೊರಟಿದ್ದರು! ನನಗೆ ತಡೆಯಲಾಗಲಿಲ್ಲ.

"ಆಯ್ತು, ಕೆಲಸ ಬಿಡ್ರಿ. ನಾಳೆನೇ ಹೋಗಣ. ನಿಮ್ಮಣ್ಣನ ಅಂಗಡಿಯಾಗ ಕುರ್ಚಿ ಇಲ್ಲ, ಗಾದಿ ಐತೆ. ಮುಂಜಾನಿಯಿಂದ ರಾತ್ರಿ ದೀಪ ಹಚ್ಚೋತನಕ ಚಕ್ಕಳಮಕ್ಕಳ ಹಾಕಿ ಕೂಡ್ರಿ. ಎದುರಿಗೆ ಗಿರಾಕಿ ಕೂತಿರ್ತಾರ. ಹೆಂಗೆ ತುರಿಸ್ಕೊಂತೀರೋ ನೋಡಣ!"

ಅವರು ಆ ಗಾದಿಯನ್ನು ಯೋಚಿಸಿಯೇ ಇರಲಿಲ್ಲ. ಮುಖ ನೋಡಿದರೆ ಗೊತ್ತಾಗುತ್ತಿತ್ತು. ಮರುದಿನ ಚೊಂಬನ್ನು ತಾವೇ ತುಂಬಿಕೊಂಡು ಹೊರಟರು.

ಆ ವಾರದಲ್ಲೇ ಹೆಡ್‌ಕ್ಲಾರ್ಕು ಕೇಳಿದನಂತೆ, "ಬಸರೇನ್ರೀ?" ಎಂದು. ಇವರು, "ಹೌದ್ರಿ ಸಾರ್, ದಿನ ತುಂಬ್ಯಾವೆ, ದಾರಿ ಬಿಡ್ರಿ," ಎಂದು ನಡೆದೇಬಿಟ್ಟರಂತೆ. ಇದನ್ನು ನನಗೆ ಹೇಳಿದ್ದು ಅವರಲ್ಲ, ಜೊತೆಯಲ್ಲಿ ರೈಲಿಗೆ ಹೋಗುತ್ತಿದ್ದವರ ಹೆಂಡತಿ.

ತುರಿಕೆ ಒಂದೇ ಸಲಕ್ಕೆ ಹೋಗಲಿಲ್ಲ. ನೀರು, ಮಜ್ಜಿಗೆ, ಕೊಬ್ಬರಿ ಎಣ್ಣೆ ಎಲ್ಲ ಸೇರಿ ನಿಧಾನವಾಗಿ ಚರ್ಮ ಮೆತ್ತಗಾಯಿತು, ತುರಿಕೆ ಇಳಿಯಿತು. ಊರಿಗೆ ಹೋಗುವ ಮಾತು ಮತ್ತೆ ಏಳಲಿಲ್ಲ. ರಿಟೈರ್ ಆಗುವ ತನಕ ಅದೇ ಕುರ್ಚಿ, ಅದೇ ರೈಲು. ಆದರೆ "ಈಗ ಪರವಾಗಿಲ್ಲ ಕಣೆ" ಎಂಬ ಒಂದು ಮಾತು? ಅವರು ಹೋಗಿಯೂ ಎಷ್ಟೋ ವರ್ಷವಾಯಿತು. ಆ ಮಾತನ್ನು ಅವರು ಹೇಳಲೇ ಇಲ್ಲ. ಇವತ್ತಿಗೂ ನೆನೆದರೆ ಸಿಟ್ಟು ಬರುತ್ತದೆ.